ಮನೆ ಕಟ್ಟಬಹುದು, ಜಾಗ ಎಲ್ಲಿಂದ ತರುವುದು?

ಕಾರವಾರದಿಂದ ಅಂಕೋಲಾ ಕಡೆಗೆ ಹೆದ್ದಾರಿ ಹಿಡಿದು ಹೊರಟರೆ ಬಿಣಗಾ, ಅರಗಾ ದಾಟಿದ ಮೇಲೆ ಚೆಂಡಿಯಾ, ತೋಡೂರು, ಅಮದಳ್ಳಿ ಸಿಗುತ್ತವೆ. ಬಲಗಡೆ ಕಡಲು ಇರಬೇಕಾದಲ್ಲಿ ನೌಕಾನೆಲೆಯ ಕಾಂಪೌಂಡ್ ಗೋಡೆ ಮೈಲುಗಟ್ಟಲೆ ಜೊತೆಗೇ ಬರುತ್ತದೆ. ಎಡಗಡೆ ಗದ್ದೆ ಬಯಲು, ತೆಂಗಿನ ಹಿತ್ತಲು, ಅದರ ಬೆನ್ನಿಗೆ ಸಹ್ಯಾದ್ರಿಯ ಗುಡ್ಡ. ಈ ಗೋಡೆಗೂ ಆ ಗುಡ್ಡಕ್ಕೂ ನಡುವೆ ಉಳಿದ ಪಟ್ಟಿಯಲ್ಲಿ ಚೆಂಡಿಯಾದ ಕೇರಿಗಳಿವೆ. ನಾಗರಮಡಿ ಜಲಪಾತ ನೋಡಲು ಬರುವ ಪ್ರವಾಸಿಗರು ಈ ಕೇರಿಗಳ ನಡುವೆಯೇ ಬೈಕು ಓಡಿಸಿಕೊಂಡು ಹೋಗುತ್ತಾರೆ. ಅವರ ಕಣ್ಣಿಗೆ ಊರು ಚೆನ್ನಾಗಿಯೇ ಕಾಣುತ್ತದೆ. ಹೆಚ್ಚಿನ ಮನೆಗಳಿಗೆ ಹೆಂಚೋ ಸ್ಲ್ಯಾಬೋ ಇದೆ, ಅಂಗಳದಲ್ಲಿ ತುಳಸಿಕಟ್ಟೆ, ಮಾಡಿನ ಮೇಲೆ ಡಿಶ್, ಬಾಗಿಲಲ್ಲಿ ಸ್ಕೂಟರ್. ಬಡತನ ಎಲ್ಲಿದೆ ಎಂದು ಕೇಳುವಂತಿದೆ ಊರು.

ಗೋಡೆ, ಮಾಡು ನೋಡಿ ಇಲ್ಲಿನ ಬದುಕನ್ನು ಅಳೆಯಲಾಗುವುದಿಲ್ಲ ಎಂಬುದನ್ನು ಹೇಳಲೆಂದೇ ಈ ಬರಹ. ಇಲ್ಲಿನ ಸ್ಥಿತಿಗತಿ ಅಡಗಿರುವುದು ಮನೆಯ ಕೆಳಗಿನ ನೆಲದಲ್ಲಿ. ಆ ನೆಲ ಯಾರ ಹೆಸರಿನಲ್ಲಿದೆ, ಅದರ ಮೇಲೆ ಇನ್ನೊಂದು ಕೋಣೆ ಎಬ್ಬಿಸಲು ಯಾರ ಒಪ್ಪಿಗೆ ಬೇಕು, ಮಳೆಗಾಲದಲ್ಲಿ ಅದು ನೀರಿನಿಂದ ಮೇಲಿರುತ್ತದೆಯೇ ಎಂಬ ಪ್ರಶ್ನೆಗಳನ್ನು ಕೇಳಿದಾಗ ಮಾತ್ರ ಕೇರಿ ತನ್ನ ಕಥೆ ಬಿಚ್ಚುತ್ತದೆ.

ಒಂದು ಮನೆಯನ್ನು ಹತ್ತಿರದಿಂದ ನೋಡೋಣ. ಮುಂಭಾಗ ಚಿರೇಕಲ್ಲಿನ ಗೋಡೆ, ಸಿಮೆಂಟು ಗಿಲಾಯಿ, ತಿಳಿನೀಲಿ ಬಣ್ಣ. ಜಗುಲಿಯ ಗೋಡೆಯಲ್ಲಿ ಸಾಲಾಗಿ ಮೂರು ವಿದ್ಯುತ್ ಮೀಟರ್. ಒಳಗೆ ಹೋದರೆ ನಡುಮನೆಗೆ ಅಡ್ಡಲಾಗಿ ಹಾಕಿದ ತೆಳು ಗೋಡೆ, ಅದರಾಚೆ ಇನ್ನೊಂದು ಅಡುಗೆ. ಹಿಂದಿನ ಭಾಗ ಇನ್ನೂ ಹಳೆಯ ಮಣ್ಣಿನ ಗೋಡೆಯದು, ಮಳೆಗಾಳಿ ಹೊಡೆಯುವ ಬದಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿದ್ದಾರೆ, ಅದರ ಮೇಲೆ ಟಾರ್ಪಲ್. ಮೂವರು ಅಣ್ಣತಮ್ಮಂದಿರು, ಮೂರು ಒಲೆ, ಮೂರು ಪಡಿತರ ಚೀಟಿ, ಒಂದೇ ಬಚ್ಚಲು. ಒಬ್ಬ ಗೋವೆಯಲ್ಲಿ ದುಡಿದು ವಾರಕ್ಕೊಮ್ಮೆ ಬರುವವನು, ಒಬ್ಬ ನೌಕಾನೆಲೆಯೊಳಗೆ ಗುತ್ತಿಗೆದಾರನ ಕೈಕೆಳಗೆ ದಿನಗೂಲಿ, ಇನ್ನೊಬ್ಬ ಆಟೋ ಓಡಿಸುತ್ತಾನೆ. ಮೂವರದ್ದೂ ಸೇರಿಸಿದರೆ ಸಂಪಾದನೆ ತೀರಾ ಕಡಿಮೆಯೇನಲ್ಲ. ಬೇರೆ ಮನೆ ಯಾಕೆ ಕಟ್ಟಿಕೊಂಡಿಲ್ಲ ಎಂದು ಕೇಳಿದರೆ ಅವರ ತಾಯಿ ಹೇಳುವ ಮಾತು ಇಡೀ ಕೇರಿಯ ಮಾತು: "ತಮಾ, ದುಡ್ಡು ಹೆಂಗಾದ್ರೂ ಹೊಂದ್ಸೂಕೆ ಆತದೆ. ಜಾಗಾ ಎಲ್ಲಿಂದ ತರೂದು?"

ಇಂಥ ಮನೆಯನ್ನು ಬಡತನದ ಯಾವ ಲೆಕ್ಕಕ್ಕೆ ಸೇರಿಸುವುದು? ಬೀದಿ ಬೀದಿ ಸುತ್ತಿ ಬಡತನವನ್ನು ಅಳೆಯುವ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಮಾಡಿದವರು ಇಂಗ್ಲೆಂಡಿನ ಚಾರ್ಲ್ಸ್ ಬೂತ್. ಲಿವರ್‌ಪೂಲ್ ಮೂಲದ ಹಡಗು ವ್ಯಾಪಾರಿ. 1886ರಲ್ಲಿ ಸ್ವಂತ ಹಣ ಹಾಕಿ ಲಂಡನ್ನಿನ ಸಮೀಕ್ಷೆ ಶುರುಮಾಡಿದರು. ಶಾಲೆಗೆ ಬಾರದ ಮಕ್ಕಳ ಮನೆಗಳಿಗೆ ಹೋಗಿ ವಿಚಾರಿಸುತ್ತಿದ್ದ ನೌಕರರಿಂದ ಮನೆಮನೆಯ ವಿವರ ಕಲೆಹಾಕಿ, ನಕ್ಷೆಯಲ್ಲಿ ಒಂದೊಂದು ಬೀದಿಗೂ ಬಣ್ಣ ಬಳಿದರು. ಅತಿ ಬಡವರಿದ್ದ ಬೀದಿಗೆ ಕಪ್ಪು, ಅದಕ್ಕಿಂತ ಮೇಲಿನವರಿಗೆ ನೀಲಿಯ ಛಾಯೆಗಳು, ನೆಮ್ಮದಿಯಾಗಿರುವವರಿಗೆ ಗುಲಾಬಿ, ಕೆಂಪು, ಸಿರಿವಂತರಿಗೆ ಹಳದಿ. ಒಟ್ಟು ಏಳು ಬಣ್ಣ. ಲಂಡನ್ನಿನಲ್ಲಿ ಶೇ 30.7ರಷ್ಟು ಜನ ಬಡತನದಲ್ಲಿದ್ದಾರೆ ಎಂಬ ಅವರ ಲೆಕ್ಕ ಆ ದೇಶವನ್ನು ಬೆಚ್ಚಿಬೀಳಿಸಿತು. ಬಡತನಕ್ಕೆ ಬಡವರ ಸೋಮಾರಿತನವೇ ಕಾರಣ ಎಂದು ನಂಬಿದ್ದವರೂ ಕೂಲಿ, ಕಾಯಿಲೆ, ಮುಪ್ಪು, ಇಕ್ಕಟ್ಟಿನ ಮನೆಗಳ ಕಡೆ ನೋಡಬೇಕಾಯಿತು. ಕಾರ್ಮಿಕರಿಗೆ ಸರ್ಕಾರಿ ಹಣದಿಂದ ಮನೆ ಕಟ್ಟಿಕೊಡಬೇಕೆಂಬ ವಾದ ಮುಂದಿನ ದಶಕಗಳಲ್ಲಿ ಅಲ್ಲಿ ಬಲವಾದದ್ದರ ಹಿಂದೆ ಇಂಥ ಸಮೀಕ್ಷೆಗಳ ಪಾಲು ದೊಡ್ಡದು.

ಬೂತ್ ಅವರ ಬಣ್ಣದ ಪೆನ್ಸಿಲ್ ಹಿಡಿದು ಚೆಂಡಿಯಾದ ಕೇರಿಗೆ ಬಂದರೆ ಯಾವ ಬಣ್ಣ ಬಳಿಯುವುದು? ಲಂಡನ್ನಿನ ಕೂಲಿಕಾರ ಬಾಡಿಗೆ ಮನೆಯಲ್ಲಿದ್ದ. ಅವನ ಕೂಲಿ ಏರಿದರೆ ಬೀದಿ ಬದಲಾಗುತ್ತಿತ್ತು, ಕೂಲಿ ತಪ್ಪಿದರೆ ಕೆಟ್ಟ ಬೀದಿಗೆ ಬೀಳುತ್ತಿದ್ದ. ಆದಾಯಕ್ಕೂ ಬೀದಿಗೂ ನೇರ ನಂಟು. ಇಲ್ಲಿ ಹಾಗಿಲ್ಲ. ಕೇರಿಯ ಮನೆ ಅಜ್ಜನ ಕಾಲದ್ದು, ಅದನ್ನು ಬಿಟ್ಟು ಇನ್ನೊಂದು ಬೀದಿಗೆ ಹೋಗುವ ಪ್ರಶ್ನೆಯೇ ಇಲ್ಲ. ಮಗನ ಸಂಬಳ ಬರುವುದು ಮಡಗಾಂವಿನಿಂದಲೋ ದುಬೈಯಿಂದಲೋ. ಹೀಗಾಗಿ ಗುಲಾಬಿ ಬಣ್ಣಕ್ಕೆ ಸಲ್ಲುವ ಸಂಪಾದನೆಯ ಮನೆಯವರು ನೀಲಿ ಬಣ್ಣದ ಇಕ್ಕಟ್ಟಿನಲ್ಲಿ ಬದುಕುತ್ತಿದ್ದಾರೆ. ಇದಕ್ಕೆ ಕಾರಣ ತಿಳಿಯಬೇಕಾದರೆ ಐವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಉತ್ತರ ಕನ್ನಡದ ಕರಾವಳಿಯಲ್ಲಿ ಗದ್ದೆ ಉಳುವವರಲ್ಲಿ ಹೆಚ್ಚಿನವರು ಗೇಣಿದಾರರಾಗಿದ್ದರು. ಬೆಳೆದ ಭತ್ತದಲ್ಲಿ ದೊಡ್ಡ ಪಾಲು ಒಡೆಯರ ಅಂಗಳಕ್ಕೆ ಹೋಗುತ್ತಿತ್ತು. ಗದ್ದೆ ಒಡೆಯರದ್ದಾದರೆ ಗದ್ದೆಯ ಅಂಚಿನ ಗುಡಿಸಲಿನ ಜಾಗವೂ ಅವರದ್ದೇ. ಒಡೆಯರು ಏಳು ಎಂದರೆ ಎದ್ದು ಹೋಗಬೇಕು. ಅಂಕೋಲೆಯ ದಿನಕರ ದೇಸಾಯಿ ಅವರು ಈ ಗೇಣಿದಾರರನ್ನು ಸಂಘಟಿಸಿ ರೈತಕೂಟ ಕಟ್ಟಿದರು. ಅದಕ್ಕಾಗಿ ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತ್ತು. ಇಂದಿನ ಓದುಗರಿಗೆ ಅವರು ಚುಟುಕು ಕವಿಯಾಗಿ ಮಾತ್ರ ನೆನಪಿನಲ್ಲಿದ್ದಾರೆ. ಆದರೆ ಈ ಭಾಗದ ಹಳೆಯ ತಲೆಗಳಿಗೆ ಅವರು ಗೇಣಿ ವಿರುದ್ಧ ನಿಂತ ಮನುಷ್ಯ.

1974ರಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರರು ಡಿಕ್ಲರೇಷನ್ ಅರ್ಜಿ ಹಾಕಿದರು, ಭೂ ನ್ಯಾಯಮಂಡಳಿಗಳ ಮುಂದೆ ನಿಂತರು, ಸಾಕ್ಷಿ ಹೇಳಿಸಿದರು. ಕೃಷಿ ಕೂಲಿಕಾರರು ವಾಸವಿದ್ದ ಮನೆ, ಹಿತ್ತಲಿನ ಮೇಲೂ ಹಕ್ಕು ಕೇಳುವ ಅವಕಾಶ ಆ ಕಾಯ್ದೆಯಲ್ಲಿತ್ತು. ತಲೆಮಾರುಗಳಿಂದ ಒಡೆಯರ ಹೆಸರಿದ್ದ ಪಹಣಿಯಲ್ಲಿ ಉಳುವವನ ಹೆಸರು ಬಂತು. ಅಷ್ಟು ಕಾಲ ಮಣ್ಣಿನ ಗೋಡೆ ಎಬ್ಬಿಸಿ ಹುಲ್ಲು ಹೊದಿಸುತ್ತಿದ್ದವರು ಮೊದಲ ಬಾರಿಗೆ ಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾತಾಡಿದರು. ನಾಳೆ ಯಾರೂ ಎಬ್ಬಿಸುವುದಿಲ್ಲ ಎಂಬ ಧೈರ್ಯವಿಲ್ಲದೆ ಯಾರಾದರೂ ಕಲ್ಲಿನ ಮನೆ ಕಟ್ಟುತ್ತಾರೆಯೇ?

ಆ ಧೈರ್ಯ ಬಹಳ ಕಾಲ ಬಾಳಲಿಲ್ಲ. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆ ಮಾಡಿದರು. ಕಾರವಾರ, ಅಂಕೋಲಾ ತಾಲ್ಲೂಕುಗಳ ಕಡಲಂಚಿನ ಹದಿಮೂರು ಹಳ್ಳಿಗಳು ಯೋಜನೆಯ ನಕ್ಷೆಯೊಳಗೆ ಬಂದವು. ಸುಮಾರು 11 ಸಾವಿರ ಎಕರೆ ಜಾಗ, ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು. ಎಷ್ಟೋ ಮನೆಗಳಲ್ಲಿ ಗೇಣಿದಾರ ಒಡೆಯನಾಗಿ ಹತ್ತು ವರ್ಷ ಕೂಡ ತುಂಬಿರಲಿಲ್ಲ. ಅಪ್ಪ ನ್ಯಾಯಮಂಡಳಿಗೆ ಅಲೆದು ಪಡೆದ ಗದ್ದೆಯನ್ನು ಮಗ ಭೂಸ್ವಾಧೀನ ಅಧಿಕಾರಿಗೆ ಒಪ್ಪಿಸಬೇಕಾಯಿತು. ಹಣದ ಅಡಚಣೆಯಿಂದ ಯೋಜನೆ ವರ್ಷಗಟ್ಟಲೆ ನಿಧಾನವಾಯಿತು, ಜನ ಊರು ಬಿಡಬೇಕೋ ಬೇಡವೋ ತಿಳಿಯದೆ ಕಾದರು. ಮನೆ ರಿಪೇರಿ ಮಾಡಿಸುವಂತಿಲ್ಲ, ಮಾಡಿಸದೆ ಇರುವಂತಿಲ್ಲ ಎಂಬ ಸ್ಥಿತಿ ಅದು. ಕೊನೆಗೆ ಹಳ್ಳಿಗಳು ಖಾಲಿಯಾದವು. 2005ರ ಮೇ 31ರಂದು ಐಎನ್‌ಎಸ್ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು.

ದೇಶಕ್ಕೆ ನೌಕಾನೆಲೆ ಬೇಕಿತ್ತು ಎಂಬುದರಲ್ಲಿ ನನಗೆ ತಕರಾರಿಲ್ಲ. ಮುಂಬೈ ಬಂದರಿನ ದಟ್ಟಣೆಯಲ್ಲಿ ಯುದ್ಧನೌಕೆಗಳನ್ನು ಇಡುವುದು ಕಷ್ಟವಾಗಿತ್ತು, ಗುಡ್ಡಗಳು ಮರೆಮಾಡಿದ ಈ ಆಳದ ಕೊಲ್ಲಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ಊರವರು ಕೂಡ ಹೆಚ್ಚಾಗಿ ದೇಶದ ಕೆಲಸ ಎಂದೇ ಒಪ್ಪಿ ಎದ್ದರು. ನನ್ನ ತಕರಾರು ಕಳೆದುಕೊಂಡದ್ದರ ಲೆಕ್ಕ ಹಿಡಿದ ರೀತಿಯದು.

ಮೀನುಗಾರರ ಮನೆ ತೆಗೆದುಕೊಳ್ಳಿ. ಹರಿಕಾಂತರ ಕೇರಿಯಲ್ಲಿ ಮನೆಯೆಂದರೆ ನಾಲ್ಕು ಗೋಡೆಯಷ್ಟೇ ಅಲ್ಲ. ಬಾಗಿಲು ತೆರೆದರೆ ಹೊಯಿಗೆ, ಹೊಯಿಗೆಯ ಮೇಲೆ ದೋಣಿ, ದೋಣಿಯ ಪಕ್ಕ ಒಣಗಲು ಹರಡಿದ ಮೀನು. ರಂಪಣಿ ಬಲೆ ಎಳೆಯುವಾಗ ಕೇರಿಯ ಗಂಡಸರೆಲ್ಲ ಎರಡು ಸಾಲಾಗಿ ದಂಡೆಯಲ್ಲಿ ನಿಲ್ಲುತ್ತಿದ್ದರು, ಸಿಕ್ಕಿದ್ದನ್ನು ಹಂಚಿಕೊಳ್ಳುತ್ತಿದ್ದರು. ಮೀನು ಬಂದೊಡನೆ ಹೆಂಗಸರು ಬುಟ್ಟಿ ತುಂಬಿಕೊಂಡು ಪೇಟೆಗೆ ಹೊರಡುತ್ತಿದ್ದರು. ಉಳಿದದ್ದನ್ನು ಉಪ್ಪು ಹಾಕಿ ಒಣಗಿಸಿ ಮಳೆಗಾಲಕ್ಕೆ ಇಡುತ್ತಿದ್ದರು. ಈ ದಂಡೆಗೆ ಪಹಣಿ ಇರಲಿಲ್ಲ. ಪಹಣಿ ಇಲ್ಲದ ಜಾಗಕ್ಕೆ ಸ್ವಾಧೀನದ ನೋಟಿಸೂ ಇಲ್ಲ, ಪರಿಹಾರವೂ ಇಲ್ಲ. ಮನೆಯ ಜಾಗ ಕಳೆದುಕೊಂಡದ್ದಕ್ಕೆ ಗುಂಟೆಯ ಲೆಕ್ಕದಲ್ಲಿ ದುಡ್ಡು ಬಂತು, ಆ ಮನೆಯ ಅಂಗಳವೇ ಆಗಿದ್ದ ಕಡಲದಂಡೆಗೆ ಲೆಕ್ಕವೇ ಇರಲಿಲ್ಲ.

ನೆಲೆ ಕಳೆದುಕೊಂಡವರಿಗಾಗಿ ತೋಡೂರು, ಮುದಗಾ, ಚಿತ್ತಾಕುಲ, ಹಾರವಾಡ ಮುಂತಾದ ಕಡೆ ಸೀಬರ್ಡ್ ಕಾಲೊನಿಗಳು ಎದ್ದವು. ನೇರ ರಸ್ತೆ, ಅಳತೆ ಹಾಕಿದ ನಿವೇಶನ, ಶಾಲೆ, ನೀರಿನ ಟ್ಯಾಂಕು. ಹೊರಗಿನವರಿಗೆ ಅಚ್ಚುಕಟ್ಟಾಗಿ ಕಾಣುವ ಬಡಾವಣೆ. ಕಡಲಿನ ಮಗ್ಗುಲಲ್ಲೇ ಹುಟ್ಟಿ ಬೆಳೆದವರಲ್ಲಿ ಎಷ್ಟೋ ಮಂದಿಗೆ ದಂಡೆ ದೂರವಾಯಿತು. ಮೀನು ಒಣಗಿಸಲು ಜಾಗವಿಲ್ಲ, ಒಣಗಿಸಿದರೆ ಪಕ್ಕದ ಮನೆಯವರಿಗೆ ವಾಸನೆ. ಒಣಮೀನಿನ ಕಸುಬು ನಿಂತಾಗ ಮುದುಕಿಯರ ಕೈಯಲ್ಲಿ ಆಡುತ್ತಿದ್ದ ಸಣ್ಣ ದುಡ್ಡೂ ನಿಂತಿತು. ವಸತಿ ಯೋಜನೆ ಮಾಡುವವರು ಇದನ್ನು ಗಮನಿಸುವುದೇ ಇಲ್ಲ. ಅವರ ಲೆಕ್ಕದಲ್ಲಿ ಮನೆ ಮಲಗುವ ಜಾಗ. ನಮ್ಮ ಕರಾವಳಿಯ ದುಡಿಯುವ ಜನರಿಗೆ ಮನೆಯೇ ಅರ್ಧ ಕಸುಬಿನ ಜಾಗ. ಬಲೆ ಹೆಣೆಯುವುದು ಜಗುಲಿಯಲ್ಲಿ, ಭತ್ತ ಬಡಿಯುವುದು ಅಂಗಳದಲ್ಲಿ, ತರಕಾರಿ ಹಿತ್ತಲಲ್ಲಿ, ದನ ಕೊಟ್ಟಿಗೆಯಲ್ಲಿ. ಹಾಲಕ್ಕಿ ಒಕ್ಕಲಿಗರ ಹೆಂಗಸರು ಕಾರವಾರ, ಅಂಕೋಲಾ ಸಂತೆಗೆ ತರುವ ಹರಿವೆ, ಬಸಳೆ, ಬದನೆಯೆಲ್ಲ ಹಿತ್ತಲಿನ ದುಡಿಮೆ. ಹಿತ್ತಲು ಹೋದರೆ ಆ ಬುಟ್ಟಿಯೂ ಹೋಯಿತು.

ಪರಿಹಾರದ ಹಣದ ಕಥೆ ಇನ್ನೂ ಉದ್ದ. ಆಗ ಇದ್ದದ್ದು 1894ರ ಭೂಸ್ವಾಧೀನ ಕಾಯ್ದೆ. ಜಾಗದ ಬೆಲೆಯನ್ನು ಆಸುಪಾಸಿನ ನೋಂದಣಿ ದರ ನೋಡಿ ಕಟ್ಟುತ್ತಿದ್ದರು. ಗೇಣಿ ಗದ್ದೆಗಳ ಊರಿನಲ್ಲಿ ಜಾಗ ಮಾರಾಟವಾಗುವುದೇ ಅಪರೂಪ, ಆದ ಮಾರಾಟದಲ್ಲೂ ಕಾಗದದ ಮೇಲಿನ ಬೆಲೆ ಕಡಿಮೆ. ಹಾಗಾಗಿ ಸಿಕ್ಕ ಮೊತ್ತ ಅಲ್ಪ. ಒಪ್ಪದವರು ಕಾಯ್ದೆಯ 18ನೇ ಕಲಂ ಹಿಡಿದು ಕೋರ್ಟಿಗೆ ಹೋದರು. ಕೋರ್ಟಿಗೆ ಹೋಗುವ ಬಲವಿಲ್ಲದವರಿಗೆ 1984ರ ತಿದ್ದುಪಡಿ ಒಂದು ಬಾಗಿಲು ತೆರೆದಿಟ್ಟಿತ್ತು. ಅದು 28-ಎ ಕಲಂ. ಒಂದೇ ಅಧಿಸೂಚನೆಯಲ್ಲಿ ಜಾಗ ಕಳೆದುಕೊಂಡ ಪಕ್ಕದವನಿಗೆ ಕೋರ್ಟು ಹೆಚ್ಚು ದರ ಕೊಟ್ಟರೆ, ತನಗೂ ಅದೇ ದರ ಕೊಡಿ ಎಂದು ಮೂರು ತಿಂಗಳೊಳಗೆ ಅರ್ಜಿ ಹಾಕಬಹುದು. ಕಾಗದ ಬಲ್ಲವರಿಗೆ ಮೂರು ತಿಂಗಳು ಸಾಕು. ಗೋವೆಯಲ್ಲಿ ಕೂಲಿಗಿದ್ದವನಿಗೆ, ಓದು ಬಾರದ ವಿಧವೆಗೆ ತೀರ್ಪು ಬಂದ ಸುದ್ದಿ ಮುಟ್ಟುವುದರೊಳಗೆ ಮೂರು ತಿಂಗಳು ಕಳೆದಿರುತ್ತದೆ. ಸೀಬರ್ಡ್ ನಿರಾಶ್ರಿತರ ಪರಿಹಾರದ ದಾವೆಗಳು ದಶಕಗಳ ಕಾಲ ನಡೆದವು, ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿದವು. ಅರ್ಜಿ ಹಾಕಿದ ಅಪ್ಪ ತೀರಿಹೋಗಿ, ವಾರಸಾ ಸರ್ಟಿಫಿಕೇಟ್ ತಂದ ಮಕ್ಕಳು ಹಣ ಹಂಚಿಕೊಂಡ ಮನೆಗಳಿವೆ. ಐದಾರು ಪಾಲಾದ ಆ ಹಣದಲ್ಲಿ ಹೆದ್ದಾರಿ ಪಕ್ಕದ ಒಂದು ಗುಂಟೆ ಕೊಳ್ಳುವುದೂ ಕಷ್ಟ. 2014ರ ಜನವರಿಯಿಂದ ಜಾರಿಯಲ್ಲಿರುವ ಹೊಸ ಕಾಯ್ದೆ ಗ್ರಾಮೀಣ ಜಾಗಕ್ಕೆ ಮಾರುಕಟ್ಟೆ ದರದ ನಾಲ್ಕು ಪಟ್ಟಿನವರೆಗೂ ಪರಿಹಾರಕ್ಕೆ ದಾರಿ ಮಾಡಿದೆ, ಪುನರ್ವಸತಿಯನ್ನು ಕಡ್ಡಾಯ ಮಾಡಿದೆ. ಚೆಂಡಿಯಾ ಸುತ್ತಲಿನವರು ಅದಕ್ಕಿಂತ ಬಹಳ ಮೊದಲೇ ಎದ್ದು ಹೋದವರು.

ಎದ್ದು ಹೋಗದೆ ಉಳಿದವರದ್ದು ಬೇರೆ ಇಕ್ಕಟ್ಟು. ಪಶ್ಚಿಮಕ್ಕೆ ನೌಕಾನೆಲೆ. ಕೊಂಕಣ ರೈಲಿನ ಹಳಿಗೆ ಒಂದಷ್ಟು ಜಾಗ ಹೋಯಿತು. ಹೆದ್ದಾರಿ ಚತುಷ್ಪಥವಾಗುವಾಗ ಅಂಚಿನ ಮನೆ, ಅಂಗಡಿ, ತೆಂಗಿನ ಮರ ಹೋದವು. ಪೂರ್ವಕ್ಕೆ ಅರಣ್ಯ. ಮುಕ್ಕಾಲು ಪಾಲಿಗೂ ಹೆಚ್ಚು ಅರಣ್ಯವೇ ಇರುವ ಜಿಲ್ಲೆ ಇದು. ಗುಡ್ಡದ ಬುಡದಲ್ಲಿ ಅಜ್ಜನ ಕಾಲದಿಂದ ಇರುವ ಹಾಲಕ್ಕಿ ಕೊಪ್ಪಗಳ ಎಷ್ಟೋ ಮನೆಗಳು ದಾಖಲೆಯಲ್ಲಿ ಅರಣ್ಯ ಅತಿಕ್ರಮಣ. 2006ರ ಅರಣ್ಯ ಹಕ್ಕು ಕಾಯ್ದೆ ಪರಿಶಿಷ್ಟ ಪಂಗಡದವರಲ್ಲದವರಿಂದ ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸದ ಪುರಾವೆ ಕೇಳುತ್ತದೆ. ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂಬ ಬೇಡಿಕೆ ಎಷ್ಟು ಹಳೆಯದೋ ಅಷ್ಟೇ ಈಡೇರದ್ದು. ಹುಲ್ಲಿನ ಗುಡಿಸಲಲ್ಲಿದ್ದ ಅಜ್ಜ 75 ವರ್ಷದ ಹಿಂದಿನ ಕಾಗದ ಎಲ್ಲಿಂದ ತಂದಾನು? ಹಾಲಕ್ಕಿ ಸಮುದಾಯದ ಸುಕ್ರಿ ಬೊಮ್ಮಗೌಡ, ತುಳಸಿ ಗೌಡ ಅವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅವರ ಜನರಿಗೆ ಮನೆಯಡಿಯ ನೆಲದ ಹಕ್ಕು ಸಿಗುವುದು ಆ ಹೆಮ್ಮೆಗಿಂತ ಮುಖ್ಯ ಎಂದು ನಾನು ತಿಳಿದಿದ್ದೇನೆ.

ಈ ಎಲ್ಲದರ ನಡುವೆ ಉಳಿದ ಖಾಸಗಿ ಜಾಗ ಕೈಬೆರಳೆಣಿಕೆಯ ಗುಂಟೆಗಳದು. ಒಂದು ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ. ಅಜ್ಜನ ಹೆಸರಿನಲ್ಲಿ ಆರು ಗುಂಟೆ ಇದ್ದರೆ ಇಂದು ಆ ಪಹಣಿಯಲ್ಲಿ ಹತ್ತು ಹದಿನೈದು ಹೆಸರುಗಳಿರುತ್ತವೆ. ಮುಂಬೈಯಲ್ಲಿರುವ ಚಿಕ್ಕಪ್ಪ, ಮದುವೆಯಾಗಿ ಹೋದ ಸೋದರತ್ತೆ, ತೀರಿಹೋದವರ ಮಕ್ಕಳು. ಹಿಸ್ಸೆ ಬೇರೆ ಮಾಡಿ ಪೋಡಿ ಮಾಡಿಸಬೇಕೆಂದರೆ ಎಲ್ಲರ ಸಹಿ ಬೇಕು. ಇಲ್ಲಿಯೇ ಸರ್ಕಾರಿ ವಸತಿ ಯೋಜನೆಗಳೂ ಮುಗ್ಗರಿಸುತ್ತವೆ. ಪ್ರಧಾನಮಂತ್ರಿ ಆವಾಸ್ ಇರಲಿ, ರಾಜ್ಯದ ಬಸವ ವಸತಿ ಇರಲಿ, ಗ್ರಾಮಸಭೆಯಲ್ಲಿ ಹೆಸರು ಬರುವುದು ಮೊದಲ ಹೆಜ್ಜೆ. ಆಮೇಲೆ ಕೇಳುವುದು ಜಾಗದ ದಾಖಲೆ. ಪಂಚಾಯಿತಿ ಕೊಡುವ ನಮೂನೆ 9, 11 ಇಲ್ಲದೆ ಕಂತು ಬಿಡುಗಡೆಯಾಗುವುದು ಕಷ್ಟ. ಸರ್ಕಾರಿ ಜಾಗದಲ್ಲಿ ಕಟ್ಟಿದ ಹಳೆಯ ಮನೆಗಳನ್ನು ಸಕ್ರಮ ಮಾಡಲು ಭೂಕಂದಾಯ ಕಾಯ್ದೆಯ 94ಸಿ ಇದೆಯಾದರೂ ಅರಣ್ಯ ಜಾಗಕ್ಕೆ ಅದು ತಾಗುವುದಿಲ್ಲ. ಆವಾಸ್ ಯೋಜನೆ ಬಯಲು ಪ್ರದೇಶದ ಮನೆಯೊಂದಕ್ಕೆ ಕೊಡುವ ಸಹಾಯ 1.20 ಲಕ್ಷ ರೂಪಾಯಿ, ಮನೆಯ ಕನಿಷ್ಠ ಅಳತೆ 25 ಚದರ ಮೀಟರ್. ಗುಂಟೆಯ ನಾಲ್ಕನೇ ಒಂದು ಭಾಗ ಜಾಗ ಸಾಕು. ಅಷ್ಟು ಜಾಗವನ್ನು ತನ್ನದೆಂದು ಕಾಗದದಲ್ಲಿ ತೋರಿಸಲಾಗದೆ ಪಟ್ಟಿಯಿಂದ ಹೆಸರು ಬಿಟ್ಟುಹೋದವರು ನಮ್ಮ ಹಳ್ಳಿಗಳಲ್ಲಿದ್ದಾರೆ. ದುಡಿಮೆ ಇರುವವನಿಗೂ ಇದೇ ಕಷ್ಟ. ಜಂಟಿ ಪಹಣಿ ಹಿಡಿದು ಹೋದರೆ ಬ್ಯಾಂಕು ಗೃಹಸಾಲ ಕೊಡುವುದಿಲ್ಲ, ಸಹಕಾರಿ ಸಂಘದಲ್ಲಿ ಬಂಗಾರ ಅಡವಿಟ್ಟು ತಂದ ಹಣದಲ್ಲಿ ಮುಂದಿನ ಗೋಡೆ ಮಾತ್ರ ಮೇಲೇಳುತ್ತದೆ. ಚೆಂದದ ಮುಂಭಾಗ, ಮಣ್ಣಿನ ಹಿಂಭಾಗ ಇರುವ ಮನೆಗಳ ಗುಟ್ಟು ಇದೇ.

ಇತ್ತೀಚಿನ ಮಳೆಗಾಲಗಳಲ್ಲಿ ಇದಕ್ಕೆ ನೀರಿನ ಕಾಟವೂ ಸೇರಿದೆ. ಗುಡ್ಡದ ಹಳ್ಳಗಳ ನೀರು ಹಿಂದೆ ಗದ್ದೆ ಬಯಲಿನಲ್ಲಿ ಹರಡಿ, ತೋಡುಗಳಲ್ಲಿ ಕೂಡಿ ಕಡಲು ಸೇರುತ್ತಿತ್ತು. ಈಗ ಅದು ಹಳಿ, ಹೆದ್ದಾರಿ, ನೌಕಾನೆಲೆ ಹೀಗೆ ಒಂದರ ಹಿಂದೊಂದು ಅಡ್ಡಗಟ್ಟೆ ದಾಟಬೇಕು. ಜೋರು ಮಳೆ ಸುರಿದ ದಿನ ಅರಗಾ, ಚೆಂಡಿಯಾದ ಹೆದ್ದಾರಿಯ ಮೇಲೆ ನೀರು ನಿಲ್ಲುತ್ತದೆ, ಕೇರಿಗಳ ಮನೆಗಳಿಗೆ ನುಗ್ಗುತ್ತದೆ. 2024ರ ಜುಲೈಯಲ್ಲಿ ಕಾರವಾರ, ಅಂಕೋಲಾ ಕಂಡ ಮಳೆಯನ್ನು ಯಾರೂ ಮರೆತಿಲ್ಲ. ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದದ್ದು ದೇಶಕ್ಕೆಲ್ಲ ಗೊತ್ತಾಯಿತು. ಮಣ್ಣಿನ ಗೋಡೆಯ ಬುಡ ನೆನೆದು ಕುಸಿದ ಮನೆಗಳು, ಹಾಸಿಗೆ ಒಣಗದ ವಾರಗಳು, ಬಾವಿಗೆ ಸೇರಿದ ಕೊಳಕು ನೀರು ಸುದ್ದಿಯಾಗುವುದಿಲ್ಲ. ಮನೆ ಬಿದ್ದಾಗ ಮಾಡುವ ಪಂಚನಾಮೆಯಲ್ಲೂ ಮತ್ತೆ ಅದೇ ಪ್ರಶ್ನೆ, ಮನೆ ಯಾರ ಹೆಸರಿನಲ್ಲಿದೆ?

ಮಾಡಬಹುದಾದ ಕೆಲಸಗಳಿವೆ. ಬೂತ್ ನಕ್ಷೆ ಮಾಡಿದ್ದು ಸರ್ಕಾರಕ್ಕೆ ಕಾಯದೆ, ತಾನೇ ಹೊರಟು. ನಮ್ಮಲ್ಲಿ ಗ್ರಾಮ ಪಂಚಾಯಿತಿ ಇದೆ, ಕರ ವಸೂಲಿಗೆ ಮನೆಮನೆಗೆ ಹೋಗುವವರಿದ್ದಾರೆ, ಆಶಾ ಕಾರ್ಯಕರ್ತೆಯರಿಗೆ ಪ್ರತಿ ಮನೆಯ ಒಲೆ ಎಷ್ಟೆಂದು ಗೊತ್ತು. ಒಂದು ಬೇಸಿಗೆಯಲ್ಲಿ ಕೇರಿಯ ನಕ್ಷೆ ಮಾಡಿ, ಪ್ರತಿ ಮನೆಯ ಎದುರು ಅದರ ನೆಲ ಯಾವ ಬಗೆಯದು ಎಂದು ಬರೆದಿಡಲಿ: ಸ್ವಂತ ಪಹಣಿ, ಜಂಟಿ ಪಹಣಿ, ಕಾಲೊನಿ ನಿವೇಶನ, ಸರ್ಕಾರಿ ಜಾಗ, ಅರಣ್ಯ. ಜಂಟಿ ಪಹಣಿಯವರಿಗಾಗಿ ಕಂದಾಯ ಇಲಾಖೆ ಊರಿನಲ್ಲೇ ಪೋಡಿ ಅದಾಲತ್ ನಡೆಸಲಿ, ಗಣಪತಿ ಹಬ್ಬಕ್ಕೆ ಮುಂಬೈ, ಗೋವೆಯಿಂದ ಎಲ್ಲರೂ ಊರಿಗೆ ಬಂದಿರುವಾಗಲೇ ನಡೆಸಿದರೆ ಸಹಿಗಳು ಒಂದೇ ದಿನ ಸಿಗುತ್ತವೆ. ಕಾಲೊನಿಗಳಲ್ಲಿ ಎರಡನೇ ತಲೆಮಾರಿಗೆ ಮೇಲಂತಸ್ತು ಕಟ್ಟಲು ವಸತಿ ಯೋಜನೆಯ ಸಹಾಯ ಸಿಗಬೇಕು. ಹೊಸ ಜಾಗವೇ ಇಲ್ಲದ ಊರಿಗೆ ಬೇರೆ ದಾರಿಯಿಲ್ಲ.

ನೀರಿನ ವಿಷಯ ಪಂಚಾಯಿತಿಯೊಂದರ ಕೈಯಲ್ಲಿಲ್ಲ. ಹಳ್ಳ ಗುಡ್ಡದಲ್ಲಿರುವಾಗ ಅರಣ್ಯ ಇಲಾಖೆಯದು, ಹಳಿಯ ಕೆಳಗೆ ರೈಲ್ವೆಯದು, ಮೋರಿಯಲ್ಲಿ ಹೆದ್ದಾರಿ ಪ್ರಾಧಿಕಾರದ್ದು, ಗೋಡೆ ದಾಟಿದ ಮೇಲೆ ನೌಕಾಪಡೆಯದು. ಪ್ರತಿ ವರ್ಷ ಮನೆಗಳಿಗೆ ನೀರು ನುಗ್ಗಿದ ಮೇಲೆ ಅಧಿಕಾರಿಗಳು ಬಂದು ನೋಡಿ ಹೋಗುತ್ತಾರೆ, ಜೆಸಿಬಿ ತಂದು ಒಂದು ಕಡೆ ಬಿಡಿಸಿಕೊಡುತ್ತಾರೆ. ಗುಡ್ಡದಿಂದ ಕಡಲಿನವರೆಗೆ ಈ ಕಾಲುವೆ ಎಷ್ಟು ಅಗಲವಿರಬೇಕು ಎಂದು ಈ ನಾಲ್ವರೂ ಒಂದೇ ನಕ್ಷೆಯ ಮುಂದೆ ಕೂತು ತೀರ್ಮಾನಿಸುವವರೆಗೆ, ಚೆಂಡಿಯಾದಲ್ಲಿ ಹೊಸ ಮನೆಯ ಪಂಚಾಂಗವನ್ನು ಎಷ್ಟು ಅಡಿ ಎತ್ತರಿಸಬೇಕೆಂದು ಕಟ್ಟುವ ಮೇಸ್ತ್ರಿಗೂ ಹೇಳಲು ಬಾರದು.